ಫಿರಂಗಿ ಖಡ್ಗ: ಅಲಗು ಮತ್ತು ಹಿಡಿ

ಪುಣೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದಂತಹ ಎಡೆಗಳಲ್ಲಿ ಹಳೆಯ ಕತ್ತಿಗಳನ್ನು ಕಾಣುವವರ ದೃಷ್ಟಿ ಮೊದಲು ಅಲಗಿನ ಮೇಲೆ ನೆಲೆಸುವುದು ಸಹಜ. ಹದಿನೇಳನೆಯ ಶತಮಾನದಲ್ಲಿ ಮರಾಠರೂ ಬಿಜಾಪುರದವರೂ ಬಳಸಿದ ‘ಫಿರಂಗಿ’ಗೆ ಆ ಹೆಸರು ಬಂದುದೂ ಯುರೋಪಿನಿಂದ ತರಿಸಿದ ನೇರವಾದ ನೀಳ ಅಲಗಿನಿಂದಲೇ. ಆದರೆ ಈ ಹೆಸರು ಅರ್ಧಸತ್ಯ. ನೀಳ ಅಲಗು ಭಾರವನ್ನು ಮೊನೆಯತ್ತ ಒಯ್ಯುತ್ತದೆ. ಏಟಿಗೆ ಬಲ ಹೆಚ್ಚಿದರೂ, ಬೀಸಿದ ಕತ್ತಿಯನ್ನು ತಡೆದು ಹಿಂದಕ್ಕೆ ತರುವುದು ಮಣಿಕಟ್ಟಿಗೆ ಕಷ್ಟ. ಅಲಗಿನ ಉದ್ದಕ್ಕೆ ಕೊರೆದ ತೋಡುಗಳು ಆ ಭಾರವನ್ನು ಕೊಂಚ ತಗ್ಗಿಸುತ್ತವೆ. ಉಳಿದುದನ್ನು ಸರಿದೂಗಿಸಿದವನು ದಖ್ಖಣದ ಕಮ್ಮಾರ: ಕೈಯನ್ನು ಮರೆಮಾಡುವ ಅಗಲವಾದ ಕಾಪಿನ ಹಿಡಿ ತೂಕವನ್ನು ಹಿಂದಕ್ಕೆಳೆಯುತ್ತದೆ, ಹಿಡಿಯ ತುದಿಯಿಂದ ಚಾಚಿದ ಮುಳ್ಳು ಎರಡನೆಯ ಕೈಗೆ ಆಸರೆ. ಅದೇ ಅಲಗನ್ನು ತಲವಾರಿನ ಇಕ್ಕಟ್ಟಾದ ಹಿಡಿಗೆ ಕೂಡಿಸಿದರೆ ಅದು ಬೇರೆಯೇ ಆಯುಧ.

ಎಗರ್ಟನ್ನನು 1880ರ ತನ್ನ ಗ್ರಂಥದಲ್ಲಿ ಭಾರತೀಯ ಆಯುಧಗಳನ್ನು ಪ್ರದೇಶವಾರು ವಿಂಗಡಿಸಿದನು. ಎರಡು ಭೂಖಂಡಗಳ ಕೈಕೆಲಸವಾದ ಫಿರಂಗಿಗೆ ಆ ಕ್ರಮ ಸಾಲದು. ಅಲಗಿನ ಮುದ್ರೆಯನ್ನು ಓದಿ ಊರನ್ನು ಗುರುತಿಸುವ ವಿದ್ವಾಂಸರು, ಹಿಡಿಯಿಂದ ಎಷ್ಟು ಅಂಗುಲದಾಚೆ ಕತ್ತಿ ಸಮತೂಗುವುದೆಂಬುದನ್ನೂ ಬರೆದಿಡಬೇಕಾಗಿದೆ.