ಸುಟ್ಟು ಮುಗಿದ ಹೆಣದ ಚರ್ಚೆ

'ಸಂಸ್ಕಾರ'ವನ್ನು ನಮ್ಮಲ್ಲಿ ಬಹಳ ಮಂದಿ ಕಾಲೇಜಿನಲ್ಲಿ ಜಾತಿ, ಸಂಪ್ರದಾಯ, ಆಧುನಿಕತೆ ಎಂಬ ಮೂರು ತಲೆಬರಹಗಳ ಕೆಳಗೆ ಓದಿ ಮುಗಿಸಿದವರು. ಯು. ಆರ್. ಅನಂತಮೂರ್ತಿ ಇದನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, ಪ್ರಕಟವಾದದ್ದು 1965ರಲ್ಲಿ. ಅಂದರೆ ನಮ್ಮ ಹಾಗೆ ಊರು ಬಿಟ್ಟು ಬಂದವರೇ ಬರೆದದ್ದು. ಈಚೆಗೆ ಕಾಚಿಗೂಡದ ಬಾಡಿಗೆ ಕೋಣೆಯಲ್ಲಿ ಕೂತು ಮತ್ತೆ ಓದಿದಾಗ ಆ ತಲೆಬರಹಗಳು ಹಿಂದೆ ಸರಿದವು. ತೀರ್ಮಾನ ಮಾಡಲು ಹೆದರುವ ಒಬ್ಬ ಬುದ್ಧಿವಂತನ ಕತೆಯಾಗಿ ಅದು ನನಗೆ ಕಂಡಿತು.

ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಬದುಕಿದ್ದಾಗ ಬ್ರಾಹ್ಮಣ್ಯವನ್ನು ಹಳಿದವನ ಸಂಸ್ಕಾರ ಯಾರು ಮಾಡಬೇಕು? ಈ ಕಗ್ಗಂಟು ಅವತ್ತು ಹುಟ್ಟಿದ್ದಲ್ಲ. ಅವನು ಜೀವಂತ ಇದ್ದಾಗಲೇ ಬಹಿಷ್ಕಾರ ಹಾಕುವುದೋ ಬಿಡುವುದೋ ಎಂಬ ಪ್ರಶ್ನೆ ಎದ್ದಿತ್ತು. ಮುಸಲ್ಮಾನನಾಗಿಬಿಡುತ್ತೇನೆ ಎಂದು ಅವನು ಹೆದರಿಸಿದ್ದ. ಇವತ್ತಲ್ಲ ನಾಳೆ ಸರಿದಾರಿಗೆ ತಂದೇನು ಎಂಬ ಆಸೆ ಪ್ರಾಣೇಶಾಚಾರ್ಯರಿಗೆ. ಹಾಗೆ ಮುಂದೂಡಿದ ತೀರ್ಮಾನವೇ ಈಗ ಹೆಣವಾಗಿ ಮನೆಯೊಳಗೆ ಮಲಗಿದೆ. ಅದು ಎದ್ದು ಹೋಗುವವರೆಗೆ ಬ್ರಾಹ್ಮಣರಿಗೆ ಊಟವಿಲ್ಲ.

ಆಚಾರ್ಯರು ಕಾಶಿಯಲ್ಲಿ ಓದಿ ಬಂದ ಪಂಡಿತರು. ಓಲೆಗರಿ ತಿರುವುತ್ತಾರೆ, ಉತ್ತರ ಸಿಗುವುದಿಲ್ಲ. ಮಾರುತಿಯ ಗುಡಿಯಲ್ಲಿ ಹೂವಿನ ಪ್ರಸಾದಕ್ಕೆ ದಿನವಿಡೀ ಕಾಯುತ್ತಾರೆ. ಬಲಗಡೆಯ ಹೂವೂ ಬೀಳುವುದಿಲ್ಲ, ಎಡಗಡೆಯದೂ ಬೀಳುವುದಿಲ್ಲ. ಅವರಿಗೆ ತಿಳಿವಳಿಕೆಯ ಕೊರತೆಯಿಲ್ಲ. ತಮ್ಮ ತೀರ್ಮಾನದ ಕೆಳಗೆ ಇನ್ನೊಬ್ಬರ ರುಜು ಬೇಕು, ಅಷ್ಟೇ. ಗ್ರಂಥ ಹಾಕಬೇಕು, ಇಲ್ಲವೇ ದೇವರು ಹಾಕಬೇಕು. ಇದಕ್ಕೆ ಕಾರಣವೂ ಕಾದಂಬರಿಯಲ್ಲೇ ಇದೆ. ರೋಗಿಷ್ಠೆ ಭಾಗೀರಥಿಯನ್ನು ಮದುವೆಯಾಗಿ, ಇದೇ ನನ್ನ ಮುಕ್ತಿಯ ದಾರಿ ಎಂದು ಅವರು ಎಳೆಯ ವಯಸ್ಸಿನಲ್ಲಿ ಒಮ್ಮೆ ನಿಶ್ಚಯಿಸಿಬಿಟ್ಟರು. ಆಮೇಲಿನ ದಿನಗಳೆಲ್ಲ ಆ ಒಂದು ನಿಶ್ಚಯದ ಬಡ್ಡಿಯಲ್ಲೇ ಕಳೆದವು. ಆಯ್ದುಕೊಳ್ಳುವ ರೂಢಿ ತಪ್ಪಿಹೋಯಿತು. ಹದಿನೇಳನೇ ವಯಸ್ಸಿಗೆ ಇಂಜಿನಿಯರಿಂಗ್ ಎಂದು ಬರೆದುಕೊಟ್ಟು, ಕ್ಯಾಂಪಸ್ಸಿನಿಂದ ಕಂಪನಿಗೆ, ಕಂಪನಿಯಿಂದ ಗೃಹಸಾಲಕ್ಕೆ ತಾನಾಗಿಯೇ ಉರುಳಿಬಂದ ನಮ್ಮ ತಲೆಮಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಸಲ ನನ್ನನ್ನು ಹಿಡಿದು ನಿಲ್ಲಿಸಿದವಳು ಚಂದ್ರಿ. ಶವಸಂಸ್ಕಾರದ ಖರ್ಚಿಗೆಂದು ಮೈಮೇಲಿನ ಬಂಗಾರವನ್ನು ಮೊದಲೇ ಬಿಚ್ಚಿಟ್ಟವಳು ಅವಳು. ಆ ಬಂಗಾರದಿಂದ ಅಗ್ರಹಾರದಲ್ಲಿ ಆಸೆ ಎದ್ದಿತೇ ಹೊರತು ಹೆಣ ಏಳಲಿಲ್ಲ. ಕಾದು ಸಾಕಾದ ಮೇಲೆ ಅವಳು ರಾತ್ರಿ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ಹೆಣವನ್ನು ಸುಟ್ಟು, ಕುಂದಾಪುರದ ದಾರಿ ಹಿಡಿಯುತ್ತಾಳೆ. ಅಗ್ರಹಾರಕ್ಕೆ ಇದು ಗೊತ್ತೇ ಇಲ್ಲ. ಬ್ರಾಹ್ಮಣರು ಅದೇ ಪ್ರಶ್ನೆ ಹೊತ್ತುಕೊಂಡು ಕೈಮರಕ್ಕೆ, ಅಲ್ಲಿಂದ ಮಠಕ್ಕೆ ಅಲೆಯುತ್ತಾರೆ. ಅವರು ಚರ್ಚಿಸುತ್ತಿರುವ ಹೆಣ ಬೂದಿಯಾಗಿದೆ. ಕಾದಂಬರಿಯ ನಿಜವಾದ ವ್ಯಂಗ್ಯ ಇಲ್ಲಿದೆ ಎಂದು ನನಗನ್ನಿಸುತ್ತದೆ. ನಾವು ತೀರ್ಮಾನಿಸದಿದ್ದರೆ ತೀರ್ಮಾನ ನಿಂತುಹೋಗುವುದಿಲ್ಲ. ನಮಗೆ ಕಾಣದ ಕಡೆ, ನಮಗಿಂತ ಕಡಿಮೆ ಅನುಕೂಲ ಇರುವವರು ಅದನ್ನು ಹೊತ್ತು ಮುಗಿಸಿರುತ್ತಾರೆ.

ಕಾಚಿಗೂಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ಸಂಜೆ ಮೈಸೂರಿಗೆ ಹೊರಡುವ ರೈಲಿದೆ. ಊರು ಪೂರ್ತಿ ಬಿಟ್ಟುಹೋಗದ, ಪೂರ್ತಿ ಸಿಗದ ಜಾಗ ಇದು, ಅನುಮಾನಕ್ಕೆ ಹೇಳಿಮಾಡಿಸಿದ್ದು. ಇಲ್ಲಿಯ ನನ್ನ ಗೆಳೆಯನೊಬ್ಬ ಒಂಟಿ ತಾಯಿಗಾಗಿ ಊರಿಗೆ ವಾಪಸಾಗುವುದೋ ಬೇಡವೋ ಎಂದು ಎರಡು ವರ್ಷದಿಂದ ಲೆಕ್ಕ ಹಾಕುತ್ತಿದ್ದಾನೆ. ಎಕ್ಸೆಲ್ ಹಾಳೆಯಲ್ಲಿ ಲಾಭ ಒಂದು ಕಡೆ, ನಷ್ಟ ಇನ್ನೊಂದು ಕಡೆ. ಅಷ್ಟರಲ್ಲಿ ಅವನ ತಂಗಿ ಶಾಲೆಯ ಕೆಲಸ ಬಿಟ್ಟು ತಾಯಿಯ ಜೊತೆ ಇರಲು ಹೋಗಿ ಎಂಟು ತಿಂಗಳಾಯಿತು. ಗೆಳೆಯನ ಹಾಳೆಗೆ ಈಗಲೂ ಹೊಸ ಸಾಲುಗಳು ಸೇರುತ್ತಿವೆ. ತಂಗಿಯ ಸಂಬಳ ಅದರ ಯಾವ ಕಾಲಮ್ಮಿನಲ್ಲೂ ಇಲ್ಲ.

ಹಾಗೆ ನೋಡಿದರೆ ಕಾದಂಬರಿಯ ಮೇಲೂ ನನ್ನದೊಂದು ತಕರಾರಿದೆ. ಹಿಂಜರಿಯುವವನ ಮನಸ್ಸಿಗೆ ಅದು ಪುಟಗಟ್ಟಲೆ ಜಾಗ ಕೊಡುತ್ತದೆ. ಮಾಡಿ ಮುಗಿಸಿದವಳನ್ನು ಕುಂದಾಪುರದ ದಾರಿಯಲ್ಲಿ ಬಿಟ್ಟುಬಿಡುತ್ತದೆ. ಚಂದ್ರಿಗೆ ಹೆದರಿಕೆಯಾಗಲಿಲ್ಲವೇ? ಅವಳಿಗೂ ಎರಡು ಮನಸ್ಸಿರಲಿಲ್ಲವೇ? ಅನುಮಾನವೇ ಒಳಬದುಕಿನ ಆಳ, ಕೆಲಸ ಮಾಡುವವರು ಸರಳ ಜನ ಎಂಬ ಭಾವನೆ ನವ್ಯದ ಬಹಳಷ್ಟು ಬರವಣಿಗೆಯಲ್ಲಿದೆ. ಅದನ್ನು ಓದಿ ಬೆಳೆದ ನಾವು ನಮ್ಮ ಹಿಂಜರಿಕೆಯನ್ನೇ ಸೂಕ್ಷ್ಮತೆ ಎಂದು ಕರೆದುಕೊಳ್ಳುವ ಅಪಾಯವಿದೆ.

ಆದರೂ ಆಚಾರ್ಯರನ್ನು ಕಾದಂಬರಿ ಗುಡಿಯಲ್ಲೇ ಕೂರಿಸುವುದಿಲ್ಲ. ಕಾಡಿನ ಕತ್ತಲಲ್ಲಿ ಚಂದ್ರಿಯೊಡನೆ ನಡೆದದ್ದನ್ನು ಅವರು ಯೋಚಿಸಿ ಆಯ್ದದ್ದಲ್ಲ. ಅದನ್ನು ನನ್ನದು ಎಂದು ಒಪ್ಪಿಕೊಳ್ಳಬಹುದೇ ಎಂದು ಕೇಳಿಕೊಳ್ಳುತ್ತ ಮೇಳಿಗೆಯ ಜಾತ್ರೆಯವರೆಗೆ ನಡೆಯುತ್ತಾರೆ. ಬೆನ್ನುಹತ್ತಿದ ಪುಟ್ಟನನ್ನು ಕಳಚಿಕೊಳ್ಳಲೂ ಅವರಿಗೆ ಆಗುವುದಿಲ್ಲ. ಕೊನೆಗೆ ದೂರ್ವಾಸಪುರದ ಕಡೆ ಹೊರಟ ಗಾಡಿ ಹತ್ತುತ್ತಾರೆ. ಮುಂದೇನು ಎಂದು ಕಾದಂಬರಿ ಹೇಳುವುದಿಲ್ಲ. ಅದನ್ನು ಅಪೂರ್ಣ ಎನ್ನುವವರಿದ್ದಾರೆ. ನನಗೆ ಅದು ಪ್ರಾಮಾಣಿಕ ಅನ್ನಿಸುತ್ತದೆ. ಭಯ ಹೋದ ಮೇಲೆ ಅವರು ಗಾಡಿ ಹತ್ತಲಿಲ್ಲ. ಭಯವೂ ಅವರ ಜೊತೆಗೇ ಗಾಡಿಯಲ್ಲಿ ಕೂತಿದೆ.

ನನ್ನ ಮುಂದೆಯೂ ಒಂದು ಪತ್ರವಿದೆ: ಪುಣೆಗೆ ವರ್ಗ, ಈ ತಿಂಗಳ ಕೊನೆಯೊಳಗೆ ಹೌದು ಇಲ್ಲ ಅನ್ನಬೇಕು. ಯಾವುದು ಸರಿ ಎಂದು ಈ ಪುಸ್ತಕ ನನಗೆ ಹೇಳಲಿಲ್ಲ, ಹೇಳುವುದು ಅದರ ಕೆಲಸವೂ ಅಲ್ಲ. ಅದು ಪ್ರಶ್ನೆಯನ್ನು ಮಾತ್ರ ಬದಲಿಸಿತು. ಯಾವುದು ಸರಿ ಎನ್ನುವುದಕ್ಕಿಂತ ಮೊದಲು ಈಗ ಕೇಳಿಕೊಳ್ಳುತ್ತಿದ್ದೇನೆ: ನಾನು ಯೋಚಿಸುವಷ್ಟು ದಿನವೂ ಊಟವಿಲ್ಲದೆ ಕಾಯುತ್ತಿರುವವರು ಯಾರು?