ಕಳೆದುಹೋಗದವರ ಸಿನಿಮಾ

ತಿಂಗಳಿಗೆ ಎರಡು ಭಾನುವಾರ ಹಡಪಸರ ದಾಟಿ, ದಿವೆ ಘಾಟು ಹತ್ತಿ ಸಾಸವಡಕ್ಕೆ ಹೋಗುತ್ತೇನೆ. ಸೋಪಾನದೇವರ ಸಮಾಧಿಯ ಊರು ಅದು. ಅಲ್ಲಿನ ಒಂದು ಆರೈಕೆ ಕೇಂದ್ರದಲ್ಲಿ ಅವ್ವ ಇದ್ದಾಳೆ. ಮರೆವಿನ ರೋಗ, ಈಗ ಬಹಳ ಮುಂದುವರಿದಿದೆ. “ಯಾರಪಾ ನೀ? ಊಟ ಆತೇನು?” ಅಂತ ಕೇಳುತ್ತಾಳೆ. ಎರಡನೇ ಪ್ರಶ್ನೆಗೆ ಉತ್ತರ ಕೊಟ್ಟು ಸುಮ್ಮನೆ ಕೂಡುತ್ತೇನೆ.

ಈ ರೋಗದ ಬಗ್ಗೆ ಬಂದ ಎರಡು ಸಿನಿಮಾಗಳನ್ನು ಈಚೆಗೆ ಮತ್ತೆ ನೋಡಿದೆ. ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ 2016ರದು. ಸುಮಿತ್ರಾ ಭಾವೆ, ಸುನೀಲ ಸುಕಥನಕರ ನಿರ್ದೇಶಿಸಿದ ಮರಾಠಿಯ ‘ಅಸ್ತು’ ಅದಕ್ಕಿಂತ ತುಸು ಹಿಂದಿನದು. ಎರಡರಲ್ಲೂ ಮುದುಕರು ಕಳೆದುಹೋಗುತ್ತಾರೆ. ಅನಂತ್ ನಾಗ್ ಅವರ ವೆಂಕೋಬರಾವ್, ಆರೈಕೆ ಕೇಂದ್ರಕ್ಕೆ ಬಂದ ಮಗ ಹೊರಗೆ ಕರೆದುಕೊಂಡು ಹೋದ ದಿನವೇ ತಪ್ಪಿಸಿಕೊಳ್ಳುತ್ತಾರೆ. ಮೋಹನ ಆಗಾಶೆಯವರ ಸಂಸ್ಕೃತ ಪಂಡಿತ ಕಾರಿನಿಂದಿಳಿದು ಆನೆಯ ಹಿಂದೆ ನಡೆದುಬಿಡುತ್ತಾರೆ.

ಸಿನಿಮಾಕ್ಕೆ ಹುಡುಕಾಟ ಬೇಕು, ಒಪ್ಪೋಣ. ಆದರೆ ಹುಡುಕಾಟವಿದ್ದರೆ ಸಿಗುವ ಆಸೆಯೂ ಇರುತ್ತದೆ. ಕೊಲೆಗಡುಕರ ಎಳೆ ಸೇರಿಕೊಂಡ ಮೇಲಂತೂ ಕನ್ನಡ ಚಿತ್ರದ ಓಟವೇ ಬೇರೆ. ಭೇಟಿಗೆ ಹೋಗುವವರ ಪಾಡು ಅದಲ್ಲ. ನಮ್ಮ ಅವ್ವ ಎಲ್ಲೂ ಹೋಗಿಲ್ಲ. ಕಿಟಕಿ ಪಕ್ಕದ ಮಂಚದ ಮೇಲೇ ಇದ್ದಾಳೆ. ಆ ಎರಡು ತಾಸು ಹೇಗೆ ಕೂಡಬೇಕು ಅನ್ನುವುದನ್ನು ಎರಡೂ ಚಿತ್ರಗಳು ಹೇಳುವುದಿಲ್ಲ.

ಆದರೂ ಒಂದು ಸತ್ಯವನ್ನು ಎರಡೂ ಮುಟ್ಟುತ್ತವೆ. ವೆಂಕೋಬರಾಯರ ಪ್ರೇಮದ ಕತೆ ಮಗನಿಗೆ ಗೊತ್ತಿಲ್ಲ, ಅವರನ್ನು ನೋಡಿಕೊಳ್ಳುವ ಡಾಕ್ಟರಿಗೆ ಗೊತ್ತು. ‘ಅಸ್ತು’ವಿನ ಪಂಡಿತರು ಮಾವುತನ ಹೆಂಡತಿ, ಕನ್ನಡದ ಚನ್ನಮ್ಮನಲ್ಲಿ ತಮ್ಮ ತಾಯಿಯನ್ನು ಕಾಣುತ್ತಾರೆ. ಈ ಪಾತ್ರಕ್ಕೆ ಅಮೃತಾ ಸುಭಾಷ್ ಅವರಿಗೆ 2013ರ ಸಾಲಿನ ರಾಷ್ಟ್ರ ಪ್ರಶಸ್ತಿ ಬಂತು. ಆಕೆ ಉಪದೇಶ ಮಾಡುವುದಿಲ್ಲ, ಉಣಿಸುತ್ತಾಳೆ. ಭಾಷೆ ಬೇರೆ ಅನ್ನುವುದು ಅಲ್ಲಿ ಅಡ್ಡಿಯೇ ಆಗುವುದಿಲ್ಲ.

ಸಾಸವಡದಲ್ಲಿ ಇದೇ ಕತೆ ತಿರುವುಮುರುವಾಗಿದೆ. ಅವ್ವನಿಗೆ ಮರಾಠಿ ಪೂರ್ತಿ ಮರೆತುಹೋಗಿದೆ. ಅವಳನ್ನು ನೋಡಿಕೊಳ್ಳುವ ಮಾವಶಿಗೆ ಕನ್ನಡ ಬರುವುದಿಲ್ಲ. ಆದರೂ “ಆಜಿ, ಉಣ್ಣು” ಅನ್ನುವಷ್ಟು ಕಲಿತಿದ್ದಾಳೆ. ಅವಳನ್ನೇ ಅವ್ವ “ಅವ್ವಾ” ಅಂತ ಕರೆಯುತ್ತಾಳೆ. ಮೊದಲ ಸಲ ಕೇಳಿದಾಗ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಆ ಹೊಟ್ಟೆಕಿಚ್ಚಿಗೆ ಈ ಚಿತ್ರಗಳಲ್ಲಿ ಜಾಗವಿಲ್ಲ. ಡಾಕ್ಟರು, ಚನ್ನಮ್ಮ ಇಬ್ಬರೂ ಕಡೆಗೆ ಮಕ್ಕಳ ದಾರಿಯ ದೀಪಗಳಷ್ಟೇ. ನನ್ನ ಆಕ್ಷೇಪ ಇಷ್ಟೇ: ಮಕ್ಕಳಿಗೆ ಏನೂ ಮರಳಿ ಸಿಗದೆಯೂ ಆ ಪ್ರೀತಿ ಪೂರ್ತಿಯಾದದ್ದೇ. ಸಂಬಳಕ್ಕೆ ಮಾಡಿದ್ದಾದರೂ ಸೈ.

ಈಗ ಹೋದಾಗ ಸೀತಾಫಲ ಎರಡು ಪಾಲು ಒಯ್ಯುತ್ತೇನೆ, ಒಂದು ಮಾವಶಿಗೆ. ಅವ್ವನ ಬಾಯಿಗೆ ಹಣ್ಣಿಡುವುದು ಮಾತ್ರ ಅವಳೇ. ನಾನು ಬೀಜ ಬಿಡಿಸಿಕೊಡುತ್ತೇನೆ.