ಉಪ್ಪುನೀರಿಗೆ ಕಟ್ಟಿದ ಗಾಳದ ಕೋಲು

ಮಳೆಗಾಲ ಮುಗಿದು ಕೋಲನ್ನು ಅಟ್ಟದಿಂದ ಇಳಿಸಿದೆ. ರೀಲ್ ಕೂರಿಸುವ ಜಾಗದ ತಿರುಪು ಜಪ್ಪಯ್ಯ ಅಂದರೂ ಅಲುಗಲಿಲ್ಲ. ತೆಂಗಿನೆಣ್ಣೆ ಬಿಟ್ಟೆ, ಬಿಸಿನೀರು ಹೊಯ್ದೆ, ಕೊನೆಗೆ ಹಳೇ ಬನಿಯನ್ನಿನ ತುಂಡು ಸುತ್ತಿ ಇಕ್ಕುಳದಲ್ಲಿ ಹಿಡಿದು ತಿರುಗಿಸಿದೆ. ಕಟಕ್ಕೆಂದು ಬಿಟ್ಟಿತು, ಜೊತೆಗೆ ಸುಣ್ಣದಂಥ ಬಿಳಿ ಪುಡಿ ಮೇಜಿನ ಮೇಲೆ ಉದುರಿತು. ಅಲ್ಯೂಮಿನಿಯಂ ಅನ್ನು ಉಪ್ಪು ತಿಂದು ಮಿಕ್ಕಿಸಿದ್ದು ಅದು. ಮಾರಿದವರು ಸಮುದ್ರಕ್ಕೂ ಆಗ್ತದೆ ಅಂದಿದ್ದರು. ಅಂಗಡಿಯ ಹೆಸರು ಇಲ್ಲಿ ಬೇಡ. ಇದೇ ಕೋಲಿನ ಕಾರ್ಬನ್ ದಂಡ ಮಾತ್ರ ನಿನ್ನೆ ತಂದದ್ದರ ಹಾಗೆ ಮಿರಿಮಿರಿ ಮಿಂಚುತ್ತಿತ್ತು.

ಫ್ಲೈ ರಾಡನ್ನು ಬಿಡಿಭಾಗ ತರಿಸಿ ಕೈಯಾರೆ ಕಟ್ಟಿಕೊಳ್ಳುವವರ ಮೇಲೆ ನನ್ನ ತಕರಾರು ಇದೇ. ಆ ಪಂಗಡಕ್ಕೆ ನಾನೂ ಸೇರಿದವನು. ದಂಡಕ್ಕೆ, ಅಂದರೆ ಬ್ಲ್ಯಾಂಕ್‌ಗೆ, ನಾವು ದೇವರ ಪೂಜೆ ಮಾಡುತ್ತೇವೆ. ಅದರ ಕಾರ್ಬನ್ ಯಾವ ದರ್ಜೆಯದು, ಎಷ್ಟು ಗ್ರಾಂ ತೂಗುತ್ತದೆ ಎಂದು ರಾತ್ರಿಯಿಡೀ ಲೆಕ್ಕ ಹಾಕುತ್ತೇವೆ. ಕೈಯಲ್ಲಿ ದುಡ್ಡು ಉಳಿದರೆ ರಿಂಗು, ಹಿಡಿ, ತಿರುಪು. ತಣ್ಣನೆಯ ಸಿಹಿನೀರಿನ ದೇಶಗಳಲ್ಲಿ ಈ ಕ್ರಮ ನಡೆದೀತು. ತೊಕ್ಕೊಟ್ಟಿನಿಂದ ಸೈಕಲ್ ತುಳಿಯುವಷ್ಟು ದೂರದಲ್ಲಿ ಕಡಲು, ಅದಕ್ಕೂ ಹತ್ತಿರ ನೇತ್ರಾವತಿಯ ಉಪ್ಪುನೀರು ಇರುವ ನಮಗೆ ಅದು ತಲೆಕೆಳಗಾದ ಲೆಕ್ಕ.

ಗಾಳದ ಈ ಬಗೆ ಗೊತ್ತಿಲ್ಲದವರಿಗೆ ಒಂದು ಮಾತು. ಕೋಟೆಪುರದ ಕಡೆ ಕಲ್ಲಿನ ಮೇಲೆ ಕೂತು ಎಟ್ಟಿ, ಅಂದರೆ ಸಿಗಡಿ, ಸಿಕ್ಕಿಸಿ ಎಸೆಯುವಾಗ ಸೀಸದ ಭಾರ ಮುಂದೆ ಹಾರುತ್ತದೆ, ದಾರ ಅದರ ಹಿಂದೆ ಓಡುತ್ತದೆ. ಫ್ಲೈಯಲ್ಲಿ ಕೊಕ್ಕೆಗೆ ಕಟ್ಟಿದ್ದು ಒಂದು ಚಿಟಿಕೆ ಗರಿ ಮತ್ತು ಕೂದಲು. ಅದಕ್ಕೆ ತೂಕವೇ ಇಲ್ಲ. ತೂಕ ಇರುವುದು ದಪ್ಪನೆಯ ದಾರಕ್ಕೆ. ಕೋಲು ಆ ದಾರವನ್ನು ಹಿಂದಕ್ಕೂ ಮುಂದಕ್ಕೂ ಚಾಟಿಯಂತೆ ಬೀಸಿ ನೀರಿಗೆ ಹಾಸುತ್ತದೆ. ಹಾಗಾಗಿ ಕೋಲಿನ ಅಳತೆ ಹೇಳುವುದು ದಾರದ ತೂಕದ ನಂಬರಿನಲ್ಲಿ. 8 ನಂಬರ್ ಅಂದರೆ ದಾರದ ಮೊದಲ 30 ಅಡಿ 210 ಗ್ರೇನ್, ಸುಮಾರು ಹದಿಮೂರೂವರೆ ಗ್ರಾಂ. ಮಧ್ಯಾಹ್ನದ ಮೇಲೆ ಪಡುಗಾಳಿ ಎದ್ದ ಹೊತ್ತಿನಲ್ಲಿ ನಮ್ಮ ಅಳಿವೆಯಲ್ಲಿ 5 ನಂಬರಿನ ಕೋಲು ಬೀಸಿದರೆ ಗರಿ ಬಂದು ನಮ್ಮ ಕಿವಿಗೇ ಕಚ್ಚುತ್ತದೆ. 8 ಅಥವಾ 9, ಒಂಬತ್ತು ಅಡಿ, ನಾಲ್ಕು ತುಂಡು: ಇಷ್ಟಕ್ಕೆ ದಂಡದ ಚರ್ಚೆ ಮುಗಿಯಬೇಕು. ನಾಲ್ಕು ತುಂಡು ಯಾಕೆಂದರೆ ಒಂದೊಂದು 70 ಸೆಂಟಿಮೀಟರ್ ಆಸುಪಾಸು ಬರುತ್ತದೆ, ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಬರುವ ಸಿಟಿ ಬಸ್ಸಿನಲ್ಲಿ ಕಂಡಕ್ಟರನ ಬೈಗುಳ ತಿನ್ನದೆ ತರಬಹುದು. ಅತಿ ಬಿರುಸಿನ ದಂಡವೂ ಬೇಡ. ಮೀನು ಕಾಲಬುಡದಲ್ಲೇ ಇರುವ ನಮ್ಮ ಕಲ್ಲುಗಳ ನಡುವೆ ಇಪ್ಪತ್ತೇ ಅಡಿ ದಾರಕ್ಕೂ ಬಾಗುವ ದಂಡ ಬೇಕು. ಇನ್ನೊಂದು ಎಚ್ಚರ: ಕಾರ್ಬನ್‌ನಲ್ಲಿ ಕರೆಂಟು ಹರಿಯುತ್ತದೆ. ಗಲ್ಲಿಯ ತಂತಿಗಳ ಅಡಿಯಲ್ಲಿ ಕೋಲು ಜೋಡಿಸಬೇಡಿ, ಮೇ ತಿಂಗಳ ಸಂಜೆ ಗುಡುಗಿದರೆ ಮಡಚಿ ಮನೆಗೆ ಬನ್ನಿ.

ನೇತ್ರಾವತಿಯ ಸೇತುವೆ ದಾಟಿದರೆ ಮಂಗಳೂರು. ಭಾರತದ ಗಾಳದ ಮೇಲೆ ಬಂದ ದೊಡ್ಡ ಇಂಗ್ಲಿಷ್ ಪುಸ್ತಕ ‘ದಿ ರಾಡ್ ಇನ್ ಇಂಡಿಯಾ’ ಮೊದಲು ಅಚ್ಚಾದದ್ದು ಅಲ್ಲೇ, 1873ರಲ್ಲಿ. ಬರೆದವನು ದಕ್ಷಿಣ ಕೆನರಾದ ಕಲೆಕ್ಟರನಾಗಿದ್ದ ಎಚ್. ಎಸ್. ಥಾಮಸ್. ಅವನಲ್ಲಿ ನಾನು ಮೆಚ್ಚುವ ಗುಣ ಒಂದುಂಟು: ಇಂಗ್ಲೆಂಡಿನ ಸಾಲ್ಮನ್ ಮೀನಿಗೆ ಮಾಡಿದ ನಿಯಮವನ್ನು ಹಾಗೆಯೇ ಇಲ್ಲಿಗೆ ಇಳಿಸಲಿಲ್ಲ. ಮಹಸೀರ್ ಹೇಗೆ ತಿನ್ನುತ್ತದೆ, ಬಾಯಿಗೆ ಬಿದ್ದ ಕೊಕ್ಕೆಯನ್ನು ಹೇಗೆ ಅಪ್ಪಚ್ಚಿ ಮಾಡುತ್ತದೆ ಎಂದು ನೋಡಿ, ಅಲ್ಲಿಂದ ಸಲಕರಣೆಯ ಕಡೆಗೆ ಬಂದ. ಮೀನು ಮೊದಲು, ಕೋಲು ಆಮೇಲೆ. ಕೊರತೆಯೂ ಅಷ್ಟೇ ಎದ್ದು ಕಾಣುತ್ತದೆ. ಅವನ ಓದುಗ ಸೀಮೆಯಿಂದ ಕೋಲು ತರಿಸಿಕೊಳ್ಳಬಲ್ಲ ದೊರೆ. ಮಳೆಗಾಲದಲ್ಲಿ ಬಿಚ್ಚಿದ ರಿಂಗನ್ನು ತಾನೇ ಕಟ್ಟಿಕೊಳ್ಳುವ ಬಡಪಾಯಿ ಅಲ್ಲ.

ಆ ಕಾಲದ ಕೋಲುಗಳಲ್ಲಿ ತಮಾಷೆಯ ಸಂಗತಿ ಇದೆ. ಬಿದಿರನ್ನು ಸೀಳಿ ಆರು ಪಟ್ಟಿ ಅಂಟಿಸಿ ಮಾಡುವ ಕೋಲನ್ನು ಅಮೆರಿಕದವರು ಹತ್ತೊಂಬತ್ತನೇ ಶತಮಾನದಲ್ಲಿ ಪಳಗಿಸಿದರಲ್ಲ, ಅದರ ಬಿದಿರು ಹೋದದ್ದು ನಮ್ಮ ದೇಶದಿಂದ. ‘ಕಲ್ಕತ್ತಾ ಕೇನ್’ ಎಂದು ಅದರ ಹೆಸರು, ಮೈಮೇಲೆ ಸುಟ್ಟ ಕಲೆಗಳು ಅದರ ಗುರುತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಚೀನಾದ ಟೊಂಕಿನ್ ಬಿದಿರು ಬಂದು ಅದನ್ನು ಮೂಲೆಗೆ ತಳ್ಳಿತು. ಊರಿನ ಹೆಸರಿನಲ್ಲೇ ಬಿದಿರು ಇಟ್ಟುಕೊಂಡ ಮೂಡುಬಿದಿರೆ ಇರುವ ಜಿಲ್ಲೆಯಲ್ಲಿ ಕೂತು ನಾನು ಹೊರದೇಶದ ಕಾರ್ಬನ್ ಕೊಳವೆಗೆ ಕಸ್ಟಮ್ಸ್ ಸುಂಕ ಕಟ್ಟುತ್ತೇನೆ!

ಇನ್ನು ರಿಂಗುಗಳು. ಒಂಬತ್ತು ಅಡಿಯ ಕೋಲಿಗೆ ಅಡಿಗೊಂದರಂತೆ ಒಂಬತ್ತು, ಮೇಲೊಂದು, ತುದಿಯದ್ದು ಬೇರೆ. ಬುಡದ ದೊಡ್ಡ ರಿಂಗಿನೊಳಗೆ ಸೆರಾಮಿಕ್ ಬಳೆ ಇರುತ್ತದೆ. ಉಳಿದವು ಹಾವಿನಂತೆ ಬಳುಕಿಸಿದ ಬರೀ ತಂತಿ. ಕ್ರೋಮ್ ಲೇಪದ ಸ್ಟೀಲ್ ಅಗ್ಗ, ನೋಡಲು ಲಕಲಕ. ಆದರೆ ದಾರದ ಜೊತೆ ಬರುವ ಮರಳು ಲೇಪವನ್ನು ಒಂದು ಕಡೆ ಉಜ್ಜಿ ತೆಗೆದರೆ ಸಾಕು, ಅಲ್ಲಿಂದ ಒಳಗೊಳಗೇ ತುಕ್ಕು ಹರಿದಾಡುತ್ತದೆ. ಆಮೇಲೆ ಆ ಒರಟು ಜಾಗ ದಾರವನ್ನು ಅರದ ಹಾಗೆ ತರಿಯುತ್ತದೆ. ಟೈಟಾನಿಯಂ ತುಟ್ಟಿ. ದಂಡದಲ್ಲಿ ಒಂದು ದರ್ಜೆ ಇಳಿದು ಆ ದುಡ್ಡಿನಲ್ಲಿ ಟೈಟಾನಿಯಂ ರಿಂಗು ತಗೊಳ್ಳಿ ಎನ್ನುವುದು ನನ್ನ ತೀರ್ಪು. ಅಳತೆಯಲ್ಲೂ ಒಂದು ಸೈಜು ದೊಡ್ಡದಿರಲಿ. ಉಪ್ಪುನೀರಿನ ದಾರ ದಪ್ಪ, ಒಣಗಿದರೆ ಮೇಲೆ ಉಪ್ಪು ಕಟ್ಟುತ್ತದೆ, ಗಂಟು ಸಿಕ್ಕಿಕೊಳ್ಳುತ್ತದೆ.

ರಿಂಗು ಕಟ್ಟುವುದರಲ್ಲಿ ಮಾತ್ರ ಈ ಶೋಕಿಯ ನಿಜವಾದ ಸುಖ ಇದೆ. ರಿಂಗಿನ ಪಾದದ ತುದಿಯನ್ನು ಅರದಿಂದ ಉಗುರಿನಷ್ಟು ತೆಳ್ಳಗೆ ಉಜ್ಜಬೇಕು. ಇಲ್ಲದಿದ್ದರೆ ದಂಡದ ಮೇಲಿಂದ ಪಾದದ ಮೇಲೆ ಹತ್ತುವಾಗ ಸುತ್ತುವ ದಾರ ಜಾರಿ ಕೂದಲೆಳೆಯಷ್ಟು ಸಂದು ಬಿಡುತ್ತದೆ, ನೀರು ಕೂರುವುದು ಅಲ್ಲೇ. ನೈಲಾನ್ ದಾರವನ್ನು ದಪ್ಪ ಪುಸ್ತಕದ ನಡುವೆ ಹಾಯಿಸಿ ಬಿಗಿ ಹಿಡಿದು, ದಂಡವನ್ನು ತೊಡೆಯ ಮೇಲೆ ಉರುಳಿಸುತ್ತಾ ಸುತ್ತಿದರೆ ಸುತ್ತಿಗೆ ಸುತ್ತು ತಾಗಿ ಕೂರುತ್ತದೆ. ಕೊನೆಯ ಆರೇಳು ಸುತ್ತಿನ ಅಡಿಯಲ್ಲಿ ಬೇರೊಂದು ದಾರದ ಕುಣಿಕೆ ಇಟ್ಟು, ತುದಿಯನ್ನು ಅದರೊಳಗೆ ತೂರಿಸಿ ಎಳೆದರೆ ಗಂಟಿಲ್ಲದೆ ಮಾಯ. ಹೊಸಬರ ಕಿವಿಗೆ ಬೀಳುವ ದೊಡ್ಡ ಮಂತ್ರ ‘ಸ್ಪೈನ್’, ಅಂದರೆ ದಂಡ ಯಾವ ಬದಿಗೆ ಬಾಗಲು ಒಲ್ಲೆ ಎನ್ನುತ್ತದೋ ಆ ಬೆನ್ನೆಲುಬನ್ನು ಹುಡುಕಿ ಅದರ ಲೆಕ್ಕದಲ್ಲೇ ರಿಂಗು ಕೂರಿಸಬೇಕು ಎನ್ನುವುದು. ನನ್ನ ಮಟ್ಟಿಗೆ ಇದು ಅರ್ಧ ಮೂಢನಂಬಿಕೆ. ದಂಡವನ್ನು ಕಣ್ಣಿಗೆ ಹಿಡಿದಾಗ ನೇರ ಕಾಣುವ ಬದಿ ನೋಡಿ, ರಿಂಗುಗಳನ್ನು ಮೊದಲು ಟೇಪಿನಲ್ಲಿ ಅಂಟಿಸಿ, ಗಾಳದ ದಾರವನ್ನು ಅವುಗಳೊಳಗೆ ಹಾಯಿಸಿ, ಅದರ ತುದಿಗೆ ಅರ್ಧ ಲೀಟರ್ ನೀರಿನ ಬಾಟಲಿ ನೇತು ಹಾಕಿ. ದಾರ ದಂಡದ ಬಾಗಿನ ಜೊತೆಗೇ ಹೋಗುತ್ತಿದ್ದರೆ ಸರಿ; ಎಲ್ಲಾದರೂ ದೂರ ಸರಿದು ಅಡ್ಡ ಕತ್ತರಿಸಿದರೆ ಅಲ್ಲಿ ರಿಂಗು ಸರಿಸಿ.

ಸುತ್ತಿದ ದಾರದ ಮೇಲೆ ಎಪಾಕ್ಸಿ. ಎರಡೂ ಪಾಲು ಸಮಸಮ, ಔಷಧಿ ಅಂಗಡಿಯ ಎರಡು ಸಿರಿಂಜಿನಲ್ಲಿ ಅಳೆದರೆ ತಪ್ಪಿಲ್ಲ. ಜುಲೈಯಲ್ಲಿ ಈ ಕೆಲಸಕ್ಕೆ ಕೈಹಾಕಬಾರದು ಎಂದು ಕಲಿಯಲು ನನಗೆ ಎರಡು ಕೋಲು ಬೇಕಾದವು. ಗಾಳಿಯ ತೇವ ಎಪಾಕ್ಸಿಯ ಮೇಲೆ ಮಂಜಿನ ಪೊರೆ ಕಟ್ಟುತ್ತದೆ, ಮುಟ್ಟಿದರೆ ಜಿಡ್ಡು. ಬೋಟುಗಳು ದಡದಲ್ಲಿ ನಿಲ್ಲುವ ಜೂನ್–ಜುಲೈಯ 61 ದಿನ ಕೋಲು ಕಟ್ಟಲು ಪ್ರಶಸ್ತ ಎಂದು ನಾನೂ ಅಂದುಕೊಂಡಿದ್ದೆ. ಕಟ್ಟಿ, ಎಪಾಕ್ಸಿಗೆ ಮಾತ್ರ ಬಿಸಿಲಿಗೆ ಕಾಯಿರಿ.

ಹಿಡಿಯ ಕಾರ್ಕ್ ಬರುವುದು ಹೆಚ್ಚಾಗಿ ಪೋರ್ಚುಗಲ್‌ನ ಓಕ್ ಮರದ ತೊಗಟೆಯಿಂದ. ಒಮ್ಮೆ ಸುಲಿದ ಮರವನ್ನು ಮತ್ತೆ ಸುಲಿಯಲು ಒಂಬತ್ತು ವರ್ಷ ಕಾಯುತ್ತಾರೆ. ಒದ್ದೆ ಕೈಗೆ ಅದರಷ್ಟು ಹಿತ ಬೇರೊಂದಿಲ್ಲ. ಅಗ್ಗದ ಕಾರ್ಕಿನಲ್ಲಿ ತೂತುಗಳಿಗೆ ಪುಡಿ ಮೆತ್ತಿರುತ್ತಾರೆ, ಎರಡು ಮಳೆಗಾಲಕ್ಕೆ ಅದು ಉದುರಿ ಹಿಡಿ ಸಿಡುಬಿನ ಮುಖವಾಗುತ್ತದೆ. ನಮ್ಮಲ್ಲಿ ಬೂಸಲು ಬೇರೆ. ಆದರೂ ನಾನು ಕಾರ್ಕಿಗೇ ಓಟು ಹಾಕುತ್ತೇನೆ, ಫೋಮ್ ಹಿಡಿ ಎಷ್ಟು ಬಾಳಿದರೂ ಕೈಯಲ್ಲಿ ಹಳೇ ಚಪ್ಪಲಿ ಹಿಡಿದಂತೆ. ಇದಕ್ಕೆ ವಾದವಿಲ್ಲ.

ಮತ್ತೆ ಆ ತಿರುಪಿಗೆ ಬಂದೆ. ಕೊಳ್ಳುವಾಗ ನಾನು ಮರುಳಾದದ್ದು ಒಳಗಿನ ಕಾರ್ಬನ್ ನೇಯ್ಗೆಯ ತುಂಡಿಗೆ. ಕರಿ ಚೌಕುಳಿ, ಅದರ ಮೇಲೆ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಬಳೆ. ಕಾರ್ಬನ್, ಅಲ್ಯೂಮಿನಿಯಂ, ನಡುವೆ ಉಪ್ಪುನೀರು: ಇವು ಮೂರು ಸೇರಿದರೆ ಒಂದು ಬ್ಯಾಟರಿಯೇ ಆಯಿತು, ಸವೆಯುವ ಪಾಲು ಅಲ್ಯೂಮಿನಿಯಮ್ಮಿನದು. ಸಿಹಿನೀರಿನಲ್ಲಿ ಹತ್ತು ವರ್ಷ ಬಾಳಬಹುದಾದ ಭಾಗ ಇಲ್ಲಿ ಒಂದೇ ವರ್ಷಕ್ಕೆ ಪುಡಿ. ಈ ಸಲ ತರಿಸಿದ್ದು ದಪ್ಪ ಆನೊಡೈಸ್ ಆದ ಪೂರ್ತಿ ಲೋಹದ್ದು, ಎರಡು ಬೀಗದ ಬಳೆಯದ್ದು, ನೋಡಲು ಸಪ್ಪೆ. ದಂಡಕ್ಕೂ ಅದಕ್ಕೂ ನಡುವೆ ಗಾಜಿನ ನಾರಿನ ಪಟ್ಟಿ ಸುತ್ತಿ, ಸಂದಿಲ್ಲದಂತೆ ಎಪಾಕ್ಸಿ ತುಂಬಿದೆ.

ಕಳೆದ ಭಾನುವಾರ ಅದನ್ನು ಕೋಟೆಪುರಕ್ಕೆ ಒಯ್ದೆ. ಅಲ್ಲಿ ಕಾಣೆ ಮೀನಿಗೆ ಕೂರುವ ಮೊಗವೀರ ಅಣ್ಣ ಒಬ್ಬರಿದ್ದಾರೆ, ಅವರದು ಬಿದಿರಿನ ಕೋಲು. ಅದಕ್ಕೆ ರಿಂಗೂ ಇಲ್ಲ, ತಿರುಪೂ ಇಲ್ಲ. ನನ್ನ ಕೋಲನ್ನು ಕೈಗೆ ತೆಗೆದುಕೊಂಡು ಒಂದು ಕಣ್ಣು ಮುಚ್ಚಿ ರಿಂಗುಗಳ ಸಾಲು ನೋಡಿದರು.

“ಮಾಸ್ಟ್ರೇ, ಮೇಲಿಂದ ಮೂರನೇದು ಸ್ವಲ್ಪ ಎಡಕ್ಕೆ ಉಂಟಲ್ಲ?”

ಇತ್ತು.